ಬತ್ತುವ ಹಳ್ಳದ ಹಕ್ಕು

ಬಂಡೆಯ ಮೇಲೆ ನಾಲ್ಕು ಕಪ್ಪೆಗಳಿವೆ ಎಂದು ಆ ಹಿರಿಯ ಹೆಂಗಸು ಹೇಳಿದಾಗ ನನಗೆ ಬಂಡೆ ಬಿಟ್ಟು ಬೇರೇನೂ ಕಾಣಲಿಲ್ಲ. ಬೂದುಬಣ್ಣದ ಕಲ್ಲು, ಮೇಲೆ ಕರಿಯ ಚುಕ್ಕೆಗಳು, ಅಲ್ಲಲ್ಲಿ ಬಿಳಿಯ ಪಟ್ಟೆ. ಅದರ ಬುಡಕ್ಕೆ ತಾಗಿಕೊಂಡು ಬೆಟ್ಟದ ಹಿಮ ಕರಗಿ ಇಳಿದ ತಣ್ಣನೆಯ ನೀರು. ಅವರು ಬೆರಳು ಮಾಡಿ ತೋರಿಸಲಿಲ್ಲ, ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಕಲ್ಲಿನ ಒಂದು ಚುಕ್ಕೆ ಮಿಡಿಯಿತು. ಅಲ್ಲಿಗೇ ಕಣ್ಣು ನೆಟ್ಟೆ. ಮಿಡಿಯುತ್ತಿದ್ದದ್ದು ಗಂಟಲು. ಅದರ ಮೇಲೆ ಅರೆಮುಚ್ಚಿದ ಕಣ್ಣು, ಪಕ್ಕಕ್ಕೆ ಒತ್ತಿ ಮಡಚಿಟ್ಟ ಕಾಲು, ಎಲ್ಲ ಸೇರಿ ಎರಡು ಅಂಗುಲದ ಮೈ. ಒಂದು ಸಿಕ್ಕ ಮೇಲೆ ಉಳಿದ ಮೂರೂ ಒಂದೊಂದಾಗಿ ಕಲ್ಲಿನಿಂದ ಬೇರ್ಪಟ್ಟು ಕಂಡವು.

ಅದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಅಂಚಿನಲ್ಲಿರುವ ಸಬೀನೋ ಕಮರಿ. ಆ ಕಪ್ಪೆ ಕಣಿವೆಯ ಮರಗಪ್ಪೆ. ಗಂಡು ಕೂಗಿದರೆ ತಗಡಿನ ಡಬ್ಬದೊಳಗೆ ಸಿಕ್ಕಿಕೊಂಡ ಕುರಿಮರಿ ಅರಚಿದಂತಿರುತ್ತದೆ. ಮಗಳ ಬಾಣಂತನಕ್ಕೆಂದು ಫೆಬ್ರವರಿಯಲ್ಲಿ ಹೋದವಳು ಆಗಸ್ಟ್‌ವರೆಗೆ ಅಲ್ಲಿದ್ದೆ. ಮಗುವಿಗೆ ಒಂದು ತಿಂಗಳಾದ ಮೇಲೆ, ಶನಿವಾರಗಳಂದು ಬೆಳಗಿನ ಜಾವ ಅಳಿಯಂದಿರು ನನ್ನನ್ನು ಕಮರಿಯ ಬಾಗಿಲಲ್ಲಿ ಬಿಟ್ಟು ಹೋಗಿ ಎರಡು ಮೂರು ಗಂಟೆಯ ನಂತರ ಬಂದು ಕರೆದೊಯ್ಯುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಒಂದೇ ಹಳ್ಳವನ್ನು ವಾರವಾರವೂ ಹೋಗಿ ನೋಡುವ ಬಿಡುವು ಮಾತ್ರ ಮೊದಲ ಬಾರಿಗೆ ಸಿಕ್ಕಿತ್ತು. ಬೆಂಗಳೂರಿಗೆ ಮರಳಿ ಈಗ ನಾಲ್ಕು ತಿಂಗಳಾಗಿದೆ. ಆ ಹಳ್ಳ ಇನ್ನೂ ನನ್ನನ್ನು ಬಿಟ್ಟಿಲ್ಲ.

ಟೂಸಾನ್‌ನಲ್ಲಿ ವರ್ಷವಿಡೀ 300 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಆಗುವುದು ಅದರ ಮೂರರಷ್ಟಕ್ಕಿಂತ ಹೆಚ್ಚು. ಆದರೆ ಊರಿನ ಬೆನ್ನಿಗಿರುವ ಸಾಂತಾ ಕತಲೀನಾ ಬೆಟ್ಟಗಳ ನೆತ್ತಿ 9,000 ಅಡಿ ಮೀರುತ್ತದೆ. ಕೆಳಗೆ ಕಳ್ಳಿ, ಮೇಲೆ ದೇವದಾರು ಜಾತಿಯ ಮರಗಳು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಆ ಹಿಮ ಮತ್ತು ಬೇಸಿಗೆಯ ಮಳೆ ಸೇರಿ ಸಬೀನೋ ಹಳ್ಳವಾಗುತ್ತವೆ. ಕಮರಿಯೊಳಗೆ ಆರು ಕಿಲೋಮೀಟರಿನಷ್ಟು ಒಂದು ಕಿರುದಾರಿ ಇದೆ, 1930ರ ದಶಕದಲ್ಲಿ ಮಾಡಿದ್ದು. ಅದು ಒಂಬತ್ತು ಕಲ್ಲಿನ ಸೇತುವೆಗಳ ಮೇಲೆ ಹಳ್ಳವನ್ನು ದಾಟುತ್ತದೆ. ಸ್ವಂತ ಕಾರುಗಳಿಗೆ ಪ್ರವೇಶವಿಲ್ಲ. ನಡೆಯಬೇಕು, ಇಲ್ಲವೆ ಅಲ್ಲಿನವರೇ ಓಡಿಸುವ ಗಾಡಿಯಲ್ಲಿ ಹೋಗಬೇಕು. ಏಪ್ರಿಲ್‌ನಲ್ಲಿ ಸೇತುವೆಗಳ ಮೇಲೆಯೇ ನೀರು ಹರಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ.

ನನ್ನನ್ನು ಬೆರಗಾಗಿಸಿದ್ದು ಹಸಿರಿನ ಅಗಲ. ನೀರಿನ ಇಕ್ಕೆಲಕ್ಕೆ ಇಪ್ಪತ್ತು ಇಪ್ಪತ್ತು ಹೆಜ್ಜೆ, ಅಷ್ಟೇ. ಅಷ್ಟರೊಳಗೆ ಕಾಟನ್‌ವುಡ್, ಆ್ಯಶ್ ಮರ, ನೀರಿಗೆ ಬಾಗಿದ ವಿಲ್ಲೊ, ಎಲ್ಲಕ್ಕಿಂತ ಎತ್ತರಕ್ಕೆ ಸಿಕಮೋರ್. ಅಲ್ಲಿಂದ ಒಂದು ಹೆಜ್ಜೆ ಮೇಲಕ್ಕೆ ಇಟ್ಟರೆ ಮುಳ್ಳು. ಒಂದು ಕೈ ಸಿಕಮೋರಿನ ಅಂಗೈಯಗಲದ ಎಲೆಯ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯನ್ನು ಕಳ್ಳಿಗೆ ಚಾಚಬಹುದಾದ ಜಾಗಗಳಿದ್ದವು. ಸಿಕಮೋರಿನ ತೊಗಟೆ ಬೆಳ್ಳಗೆ, ನುಣ್ಣಗೆ, ಅಲ್ಲಲ್ಲಿ ಹಕ್ಕಳೆ ಎದ್ದು ಒಳಗಿನ ಹಸಿರು ಕಾಣುತ್ತದೆ. ಮೊದಲ ದಿನವೇ ನನ್ನ ಬಾಯಲ್ಲಿ ಬಂದದ್ದು ಹೊಳೆಮತ್ತಿ ಎಂಬ ಮಾತು. ಸಂಗಮದಲ್ಲಿ, ಮುತ್ತತ್ತಿಯಲ್ಲಿ ಕಾವೇರಿಯ ದಡದ ಮರಳಿನಲ್ಲಿ ಬೇರು ಚಾಚಿ ನಿಂತಿರುವ ನಮ್ಮ ಹೊಳೆಮತ್ತಿಗೂ ಇದೇ ಬಿಳಿ ಮೈ. ಸಸ್ಯಶಾಸ್ತ್ರದಲ್ಲಿ ಇವೆರಡಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ದೂರದ ಗುಡ್ಡದ ಮೇಲಿನಿಂದ ನೋಡುವವನಿಗೆ ನೀರಿನ ದಾರಿ ಎಲ್ಲಿದೆ ಎಂದು ಹೇಳುವ ಕೆಲಸವನ್ನು ಎರಡೂ ಮಾಡುತ್ತವೆ.

ನೆಂಟರು ಇದ್ದದ್ದು ಮುಳ್ಳಿನ ಕಡೆ. ಬಾಣಂತನಕ್ಕೆ ಬಂದವಳಿಗೆ ತವರಿನ ನೆನಪಾಗುವುದು ಸಹಜ, ಆದರೆ ಆ ಒಣ ಇಳಿಜಾರು ನಮ್ಮೂರಿನ ಬೇಲಿಗಿಡಗಳ ತವರು ಎಂಬುದು ಅಲ್ಲಿ ನಿಂತಾಗಲೇ ಮನಸ್ಸಿಗೆ ಇಳಿದದ್ದು. ಪಾಪಾಸುಕಳ್ಳಿ, ಕತ್ತಾಳೆ, ದತ್ತೂರಿ. ನಮ್ಮಲ್ಲಿ ಕೆರೆಯಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು ಮೆಸ್ಕೀಟ್. ಗುಡ್ಡದ ಮೇಲೆ ಬಂದರಿಕೆ ಗಿಡ ಕಂಡಾಗ ಎರಡು ಸಲ ಎಲೆ ಮುರಿದು ನೋಡಿದೆ, ರಾಮನಗರದ ಬಂಡೆಗಳ ಸಂದಿನಲ್ಲಿ ಬೆಳೆಯುವ ಅದೇ ಅಂಟಂಟಾದ ಎಲೆ. ಅದು ಮಾತ್ರ ಎರಡೂ ಕಡೆಯದು. ಯಾರೂ ಹೊತ್ತು ತಂದದ್ದಲ್ಲ.

ಪಾಪಾಸುಕಳ್ಳಿಯ ಮೇಲೆ ಬಿಳಿಯ ಹತ್ತಿಯಂಥ ಉಂಡೆಗಳು ಅಂಟಿದ್ದವು. ಕಪ್ಪೆ ತೋರಿಸಿದ ಆ ಹಿರಿಯರೇ, ಅವರು ಅಲ್ಲಿನ ಸ್ವಯಂಸೇವಕಿ, ಒಂದು ಉಂಡೆಯನ್ನು ಕಡ್ಡಿಯಿಂದ ತೆಗೆದು ನನ್ನ ಅಂಗೈಗೆ ಹಾಕಿದರು. ಬೆರಳಿನಿಂದ ಒತ್ತಿದೆ. ಅಂಗೈ ತುಂಬ ಕಡುಗೆಂಪು, ಒದ್ದೆ ಕುಂಕುಮದ ಹಾಗೆ. ಇದು ಕೋಚಿನೀಲ್ ಹುಳ. ಈ ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪನಿ 18ನೆಯ ಶತಮಾನದ ಕೊನೆಯಲ್ಲಿ ಇದನ್ನು ಭಾರತಕ್ಕೆ ತರಿಸಿತು. ಬಂದದ್ದು ಬೇರೆ ಜಾತಿಯ ಹುಳ, ಬಣ್ಣ ಕೈಗೂಡಲಿಲ್ಲ, ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಹೊಲಗದ್ದೆಗಳನ್ನು ಆವರಿಸಿದ್ದ ಇನ್ನೊಂದು ಜಾತಿಯನ್ನು ಹಿಡಿತಕ್ಕೆ ತರಲು 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳ ಬಂತು. ನಮ್ಮ ತಾತ ಹುಡುಗನಾಗಿದ್ದಾಗ ಊರ ಸುತ್ತ ಮನುಷ್ಯ ನುಸುಳಲಾಗದಷ್ಟು ಪಾಪಾಸುಕಳ್ಳಿ ಇತ್ತಂತೆ, ಕೆಲವೇ ವರ್ಷಗಳಲ್ಲಿ ಕರಗಿಹೋಯಿತಂತೆ. ನಾನು ಬೆಳೆಯುವ ಹೊತ್ತಿಗೆ ಬೇಲಿಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಅದರ ಹಣ್ಣನ್ನು ಕಡ್ಡಿಗೆ ಚುಚ್ಚಿ ಕಿತ್ತು, ನೆಲಕ್ಕೆ ಉಜ್ಜಿ ಉಜ್ಜಿ ಸಣ್ಣ ಮುಳ್ಳು ಕಳೆದು ತಿನ್ನುತ್ತಿದ್ದೆವು. ತುಟಿ ಕೆಂಪಾಗುತ್ತಿತ್ತು. ಆ ಕೆಂಪೂ ಅಂಗೈಯ ಈ ಕೆಂಪೂ ಬೇರೆ ಬೇರೆ, ಒಂದು ಗಿಡದ್ದು, ಒಂದು ಹುಳದ್ದು. ಆದರೂ ನನಗೆ ಆ ಹೊತ್ತು ಹತ್ತು ವರ್ಷವಾಗಿತ್ತು.

ಮೆಸ್ಕೀಟ್ ನೋಡಿ ನಾನು ಅದರ ಮೇಲಿನ ಹಳೆಯ ಸಿಟ್ಟನ್ನು ಬಿಡಬೇಕಾಯಿತು. ಊರಲ್ಲಿ ಬಳ್ಳಾರಿ ಜಾಲಿಯನ್ನು ಶಪಿಸದವರಿಲ್ಲ. ದನಕ್ಕೆ ಮೇವಿನ ಹುಲ್ಲು ಉಳಿಸಿಲ್ಲ, ಕೆರೆಯ ಮಣ್ಣು ಕಾಣಿಸುವುದಿಲ್ಲ. ಅಲ್ಲಿ ಅದೇ ವಂಶದ ಮರ ಮನೆಯ ಹಿರಿಯನಂತೆ ನಿಂತಿದೆ. ಕಾಯಿಯನ್ನು ಅಲ್ಲಿನ ಮೂಲನಿವಾಸಿಗಳು ಹಿಟ್ಟು ಮಾಡಿ ತಿಂದು ಬಾಳಿದ್ದಾರೆ. ಟೂಸಾನ್ ಬಳಿಯ ಒಂದು ತೆರೆದ ಗಣಿಯಲ್ಲಿ 50 ಮೀಟರಿಗೂ ಆಳದಲ್ಲಿ ಅದರ ಬೇರು ಸಿಕ್ಕಿದ್ದು ದಾಖಲಾಗಿದೆ. ಇದಕ್ಕೆ ಪ್ರತಿಯಾಗಿ ಅಲ್ಲಿನವರು ನಡು ಬಗ್ಗಿಸಿ ಕಿತ್ತು ಹಾಕುತ್ತಿದ್ದ ಹುಲ್ಲೊಂದಿತ್ತು. ಹತ್ತಿರ ಹೋಗಿ ತೆನೆ ಮುಟ್ಟಿದರೆ ನಮ್ಮ ಅಂಜನ ಹುಲ್ಲು! ಆಫ್ರಿಕಾದಲ್ಲಿ, ಭಾರತದ ಒಣಸೀಮೆಯಲ್ಲಿ ಒಳ್ಳೆಯ ಮೇವು. ದನಗಳಿಗೆಂದೇ ಅಲ್ಲಿಗೂ ತಂದರು. ಈಗ ಅದು ಕಳ್ಳಿಗಳ ನಡುವೆ ಒತ್ತಾಗಿ ಬೆಳೆದು, ಒಣಗಿ, ಬೆಂಕಿಗೆ ಹಾದಿಯಾಗುತ್ತದೆ. ಆ ಮರುಭೂಮಿಯ ಗಿಡಗಳಿಗೆ ಬೆಂಕಿಯ ಅಭ್ಯಾಸವಿಲ್ಲ. ಗಿಡಕ್ಕೆ ಸ್ವಂತ ಕೆಟ್ಟತನವಿಲ್ಲ. ಅದರ ಹುಳ, ಅದರ ಹಸಿವಿನ ಪ್ರಾಣಿ, ಅದರ ಬರ, ಇವನ್ನೆಲ್ಲ ಹಿಂದೆ ಬಿಟ್ಟು ಒಂದನ್ನೇ ಎತ್ತಿಕೊಂಡು ಬಂದವರು ನಾವು.

ಮೇ ತಿಂಗಳಲ್ಲಿ ಸವಾರೊ ಹೂ ಬಿಟ್ಟಿತು. ಚಿತ್ರಗಳಲ್ಲಿ ಎರಡು ಕೈ ಎತ್ತಿ ನಿಂತಿರುವ ಆ ಎತ್ತರದ ಕಳ್ಳಿ ಅದೇ. ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು. ನೂರೈವತ್ತು ವರ್ಷ ಬದುಕುವವೂ ಇವೆ. ನೆತ್ತಿಯ ಮೇಲೆ ಮೇಣದಂಥ ಬಿಳಿ ಹೂವಿನ ಕಿರೀಟ. ರಾತ್ರಿ ಅರಳಿದ್ದು ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಇರುಳಲ್ಲಿ ಬಾವಲಿ, ಹಗಲಲ್ಲಿ ಪಾರಿವಾಳ ಮತ್ತು ಜೇನು. ನಾನು ಹುಡುಕಿದ್ದು ಮಾತ್ರ ಸಣ್ಣವನ್ನು. ಬಯಲಿನಲ್ಲಿ ಒಂದೂ ಸಿಗಲಿಲ್ಲ. ಪಾಲೊ ವರ್ಡೆ ಮರದ ಬುಡದಲ್ಲಿ, ಅದರ ಚದುರಿದ ನೆರಳಿನಲ್ಲಿ, ನನ್ನ ಮುಷ್ಟಿಯಷ್ಟು ದಪ್ಪದ್ದೊಂದು ಕೂತಿತ್ತು. ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದಿರಬೇಕು. ಸವಾರೊ ಮರಿ ತಾಯಿಮರದ ಆಸರೆಯಿಲ್ಲದೆ ಬಿಸಿಲಿಗೂ ಚಳಿಗೂ ಉಳಿಯುವುದು ಕಷ್ಟ. ಆ ತಾಯಿಮರ ಎಲೆ ಉದುರಿಸಿಕೊಂಡು ಹಸಿರು ತೊಗಟೆಯಿಂದಲೇ ಅಡುಗೆ ಮಾಡಿಕೊಂಡು ಬದುಕುತ್ತದೆ. ಮನೆಗೆ ಬಂದು ಮಗುವಿಗೆ ಎಣ್ಣೆ ಹಚ್ಚುವಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮಾ, ಮುಂದಿನ ವಾರ ನನ್ನನ್ನೂ ಕರೆದುಕೊಂಡು ಹೋಗು" ಎಂದಳು.

ನಾವು ಹೋಗುವಷ್ಟರಲ್ಲಿ ಹಳ್ಳ ಬತ್ತತೊಡಗಿತ್ತು.

ಜೂನ್ ಎರಡನೆಯ ವಾರ ಸೇತುವೆಯ ಕೆಳಗೆ ಬರಿಯ ಮರಳು. ಬಿಸಿಲು ನಲವತ್ತು ಡಿಗ್ರಿ ದಾಟುತ್ತಿದ್ದುದರಿಂದ ಆರಕ್ಕೆ ಹೋಗಿ ಎಂಟಕ್ಕೆ ಮರಳುತ್ತಿದ್ದೆವು. ಬೆಂಗಳೂರಿನಲ್ಲಿ ಒಬ್ಬರೇ ಇದ್ದ ನಮ್ಮ ಯಜಮಾನರು ಹನ್ನೆರಡೂವರೆ ಗಂಟೆಯ ಅಂತರದ ಆಚೆಯಿಂದ ಫೋನಿನಲ್ಲಿ ಕೇಳಿದರು: "ನೀರೇ ಇಲ್ಲದ ಮೇಲೆ ಅಲ್ಲಿ ನೋಡುವುದಕ್ಕೆ ಏನಿದೆ?" ಅವರು ಕುತೂಹಲದಿಂದಲೇ ಕೇಳಿದರು. ಉತ್ತರ ಹೇಳಲು ನನಗೆ ಆ ದಿನ ಬರಲಿಲ್ಲ. ಇದ್ದದ್ದು ಬಹಳ. ಸಿಕಮೋರಿನ ಒಂದು ಎಲೆಯೂ ಬಾಡಿರಲಿಲ್ಲ. ಜೀರುಂಡೆಗಳ ಸದ್ದಿಗೆ ಕಿವಿ ಕಿವುಡಾಗುತ್ತಿತ್ತು. ಮರಳಿನ ಮೇಲೆ ಹವಲೀನಾ ಎಂಬ ಹಂದಿಯಂಥ ಪ್ರಾಣಿಯ ಪುಟ್ಟ ಗೊರಸಿನ ಗುರುತು, ಜಿಂಕೆಯದು, ಲಾವಕ್ಕಿ ಹಿಂಡಿನದು, ಎಲ್ಲವೂ ಒಂದೇ ದಿಕ್ಕಿಗೆ. ಹಿಂಬಾಲಿಸಿದರೆ ಬಂಡೆಯ ಮರೆಯಲ್ಲಿ ಚಾಪೆಯಗಲದ ಒಂದು ಮಡು. ಅದರಲ್ಲಿ ಬೆರಳುದ್ದದ ಮೀನುಗಳು, ನೆರಳಿರುವ ಕಡೆ ಒತ್ತೊತ್ತಾಗಿ.

ಆ ಮೀನುಗಳದ್ದೊಂದು ಕಥೆ ಇದೆ. 2003ರಲ್ಲಿ ಮೇಲಿನ ಬೆಟ್ಟದಲ್ಲಿ ದೊಡ್ಡ ಕಾಡ್ಗಿಚ್ಚು. ಮಳೆ ಬಂದರೆ ಬೂದಿಯೆಲ್ಲ ಹಳ್ಳಕ್ಕೆ ಇಳಿದು ಮೀನು ಉಸಿರುಗಟ್ಟಿ ಸಾಯುತ್ತದೆಂದು ತಿಳಿದವರು ಮೊದಲೇ ಬಂದು ಹೀಲಾ ಚಬ್ ಎಂಬ ಈ ಜಾತಿಯ ಮೀನುಗಳನ್ನು ಹಿಡಿದು ಬೇರೆಡೆ ಕಾಪಾಡಿದರು. ಹಳ್ಳ ತಿಳಿಯಾದ ಮೇಲೆ ಮರಳಿ ತಂದು ಬಿಟ್ಟರು. ಯಾರೂ ತಿನ್ನದ, ಮಾರಲು ಬಾರದ ಒಂದು ಸಣ್ಣ ಮೀನಿಗಾಗಿ. ಇದನ್ನು ಕೇಳಿದಾಗ ನನ್ನ ಗಂಟಲು ಕಟ್ಟಿತು.

ನಮ್ಮ ಊರು ಮಧುಗಿರಿ ಕಡೆಯದು, ಜಯಮಂಗಲಿ ದಂಡೆಯ ಹಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಆ ಹೊಳೆಯನ್ನು ತುಂಬಿ ಹರಿದಾಗ ನೋಡಿದ್ದಕ್ಕಿಂತ ಮರಳಾಗಿ ನೋಡಿದ್ದೇ ಹೆಚ್ಚು. ಶಿವರಾತ್ರಿ ಕಳೆದರೆ ಅಜ್ಜಿಯ ಜೊತೆ ಒರತೆ ತೋಡಲು ಹೋಗುತ್ತಿದ್ದೆವು. ಅಜ್ಜಿ ಎಲ್ಲೆಂದರಲ್ಲಿ ತೋಡುತ್ತಿರಲಿಲ್ಲ. ದಡದ ಲಕ್ಕಿ ಗಿಡ ಹಸಿರಾಗಿರುವ ಕಡೆ, ಹೊಂಗೆಯ ಬೇರು ಹೊಳೆಯೊಳಗೆ ಇಳಿದಿರುವ ಕಡೆ, ಹೊಳೆ ತಿರುವು ತೆಗೆದುಕೊಳ್ಳುವ ಒಳಮಗ್ಗುಲಲ್ಲಿ ಕೂರುತ್ತಿದ್ದರು. ಕರಟದಿಂದ ಮರಳು ತೆಗೆದು ಮೊಳದಷ್ಟು ಇಳಿದರೆ ಮರಳು ಕಪ್ಪಾಗುತ್ತದೆ. ಇನ್ನೊಂದು ಗೇಣು ಇಳಿದರೆ ಸುತ್ತಲಿಂದ ಜಿನುಗುತ್ತದೆ. ಮೊದಲು ಬಗ್ಗಡ. ಎರಡು ಮೂರು ಸಲ ಎತ್ತಿ ಚೆಲ್ಲಿ ಕಾಯಬೇಕು. ಆಮೇಲೆ ಬರುವ ನೀರಿನಲ್ಲಿ ತಳದ ಒಂದೊಂದು ಮರಳ ಕಣವೂ ಎಣಿಸುವಂತೆ ಕಾಣುತ್ತಿತ್ತು. ಅಜ್ಜಿ ಅದನ್ನು ಹೊಳೆ ಬತ್ತಿದೆ ಎಂದು ಎಂದೂ ಹೇಳಿದ್ದು ನೆನಪಿಲ್ಲ. "ಹೊಳೆ ಒಳಗೆ ಹೋಗಿದೆ" ಎನ್ನುತ್ತಿದ್ದರು.

ಅದೇ ಉತ್ತರವನ್ನು ಮರುದಿನ ಯಜಮಾನರಿಗೆ ಫೋನಿನಲ್ಲಿ ಹೇಳಿದೆ. ಹೊಳೆಯೆಂದರೆ ಕಣ್ಣಿಗೆ ಕಾಣುವ ನೀರಷ್ಟೇ ಎಂದು ನಾವು ಯಾವಾಗ ತಿಳಿದುಕೊಂಡೆವೋ ಆಗಲೇ ಅದನ್ನು ಕಳೆದುಕೊಳ್ಳಲು ಹೊರಟೆವು. ಜಯಮಂಗಲಿಯ ಮರಳನ್ನು ಲಾರಿಗಳು ಹೊತ್ತೊಯ್ದಾಗ ಯಾರಿಗೂ ನೀರು ಹೋದಂತೆ ಅನಿಸಲಿಲ್ಲ, ಮರಳು ಹೋಯಿತು ಅಷ್ಟೇ ಎಂದುಕೊಂಡರು. ಇಂದು ಅಲ್ಲಿ ಮೊಳ ತೋಡಿದರೆ ಗಟ್ಟಿ ಮಣ್ಣು. ಟೂಸಾನಿನವರು ಎಲ್ಲವನ್ನೂ ಉಳಿಸಿಕೊಂಡಿದ್ದಾರೆ ಎಂದು ಹೇಳುವುದಿಲ್ಲ. ಊರ ನಡುವಿನ ಸಾಂತಾ ಕ್ರೂಸ್ ನದಿಯನ್ನು ಅವರೂ ಕೊಳವೆಬಾವಿಗಳಿಂದ ಹೀರಿ ಒಣಗಿಸಿದವರೇ. 2019ರಿಂದ ಶುದ್ಧೀಕರಿಸಿದ ನೀರನ್ನು ಬಿಟ್ಟು ಅದರ ಒಂದಿಷ್ಟು ದೂರವನ್ನು ಮತ್ತೆ ಹರಿಸುತ್ತಿದ್ದಾರೆ. ಸಬೀನೋ ಉಳಿದಿದ್ದರೆ ಅದು ಒಣಗಿರುವಾಗಲೂ ಅದರ ಮರಳಿಗೆ ಯಾರೂ ಕೈ ಹಾಕುತ್ತಿಲ್ಲ ಎಂಬುದು ಒಂದು ಕಾರಣ.

ಜೂನ್ 24ರ ಸಂತ ಜಾನರ ಹಬ್ಬದ ಹೊತ್ತಿಗೆ ಮಳೆ ಶುರುವಾಗಬೇಕೆಂಬುದು ಟೂಸಾನಿನ ಹಳಬರ ನಂಬಿಕೆ. ನಮ್ಮ ಲೆಕ್ಕದಲ್ಲಿ ಅದು ಆರಿದ್ರಾ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂದು ಅಪ್ಪ ಆಕಾಶ ನೋಡುತ್ತಿದ್ದದ್ದು ನೆನಪಾಯಿತು. ಆ ವರ್ಷ ತಡವಾಗಿ, ಜುಲೈ ಎರಡನೆಯ ವಾರದ ಒಂದು ಸಂಜೆ ಬಂತು. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಮಣ್ಣಿನ ವಾಸನೆಗೆ ಮೊದಲೇ ಕ್ರಿಯೋಸೋಟ್ ಎಂಬ ಪೊದೆಯ ವಾಸನೆ ಊರನ್ನೆಲ್ಲ ತುಂಬಿತು, ಧೂಪದ ಮರದ ಅಂಟಿನಂಥ ಗಾಢ ವಾಸನೆ. ಶನಿವಾರ ಹೋದಾಗ ಕಾವಲಿನವರು ಮೊದಲ ಸೇತುವೆಯಿಂದ ಮುಂದೆ ಬಿಡಲಿಲ್ಲ. ಕೆಂಪು ನೀರು ಸೇತುವೆಯ ಮೇಲೆ ಮೊಣಕಾಲೆತ್ತರ ಉರುಳುತ್ತಿತ್ತು. ಮೇಲಿನ ಕಾಡಿನ ಸುಟ್ಟ ಕೊಂಬೆಗಳು, ಸೂಜಿ ಎಲೆಗಳು. 2006ರ ಜುಲೈನಲ್ಲಿ ಇಂಥದೇ ಮಳೆಗೆ ಇಳಿಜಾರುಗಳು ಕುಸಿದು ಬಂಡೆಗಳು ದಾರಿಯನ್ನು ಮುಚ್ಚಿದ್ದವಂತೆ. ನೀರಿನೊಳಗೆ ಕಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುವ ಗುಡುಗಿನಂಥ ಸದ್ದು ಅಂಗಾಲಿಗೆ ತಿಳಿಯುತ್ತಿತ್ತು.

ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದೆ. ಮೊದಲ ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿದೆವು. ಮೂರು ನೂರು ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯ ಬಿಳಿ ಕಪ್ಪು ಪಟ್ಟೆಗಳನ್ನು ಸಾವಿರ ಸಲ ತುಳಿದಿದ್ದೇನೆ. ಸಬೀನೋದ ಬಂಡೆಯೂ ನೈಸ್, ಆದರೆ ಇದಕ್ಕಿಂತ ಬಹಳ ಕಿರಿಯದು. ಕಪ್ಪೆ ಇದ್ದರೆ ಎಲ್ಲಿ ಕೂರುತ್ತಿತ್ತು ಎಂದು ಹುಡುಕುತ್ತ ನಿಂತೆ.

ಅಲ್ಲಿಂದ ಸುತ್ತ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಬೆಂಗಳೂರಿಗೆ ಹೊರಗಿನಿಂದ ಯಾವ ಹೊಳೆಯೂ ಹರಿದು ಬರುವುದಿಲ್ಲ. ಊರು ದಿಣ್ಣೆಯ ಮೇಲಿದೆ, ಇಲ್ಲಿನ ಹಳ್ಳಗಳೆಲ್ಲ ಇಲ್ಲೇ ಹುಟ್ಟಿ ಕೆಳಕ್ಕೆ ಇಳಿಯುತ್ತವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ವೃಷಭಾವತಿ ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರುತ್ತಾಳೆ. ಹುಟ್ಟಿನಲ್ಲಿ ಇವೆಲ್ಲ ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಳಗೆ ಹೋಗುವ ಹಳ್ಳಗಳು. ಈಗ ಏಪ್ರಿಲ್‌ನಲ್ಲಿ ಮೈಸೂರು ರಸ್ತೆಯಲ್ಲಿ ಹೋದರೂ ವೃಷಭಾವತಿ ಹರಿಯುತ್ತಿರುತ್ತಾಳೆ, ಕಪ್ಪಗೆ, ನೊರೆ ಕಟ್ಟಿಕೊಂಡು. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿಗಳು ಒಂದೊಂದಾಗಿ ನಿಂತು ಟ್ಯಾಂಕರಿಗಾಗಿ ರಾತ್ರಿಯೆಲ್ಲ ಎಚ್ಚರವಿದ್ದಾಗಲೂ ಆಕೆ ಬತ್ತಲಿಲ್ಲ. ನಾವು ಬತ್ತಲು ಬಿಡಲಿಲ್ಲ. ಬೇಸಿಗೆಯಲ್ಲಿ ಬತ್ತುವುದು ಬೆಟ್ಟದ ಹಳ್ಳದ ಹಕ್ಕು. ಮಡುಗಳಲ್ಲಿ ಮೀನು ಕಾಯುವುದು, ಮರಳಿನಲ್ಲಿ ಬ್ಯಾಸಗೆಯ ನೀರು ಉಳಿಯುವುದು, ದಡದ ಮರ ಬೇರು ಇಳಿಸುವುದು ಎಲ್ಲ ಆ ಲೆಕ್ಕದ ಮೇಲೆ ನಡೆಯುತ್ತದೆ. ನಮ್ಮ ಮನೆಗಳ ಬಚ್ಚಲಿನಿಂದ ವರ್ಷವಿಡೀ ತುಂಬಿಸಿ, ತಳಕ್ಕೂ ಬದಿಗೂ ಕಾಂಕ್ರೀಟು ಹಾಕಿ, ಆ ಹಕ್ಕನ್ನು ನಾವು ಕಿತ್ತುಕೊಂಡಿದ್ದೇವೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ರಾಜಕಾಲುವೆ ಇದೆ. ಇಪ್ಪತ್ತೆರಡು ವರ್ಷಗಳಿಂದ ಮೂಗು ಮುಚ್ಚಿಕೊಂಡು ದಾಟಿದ್ದೇನೆ. ಈ ಸಲ ನಿಂತು ನೋಡಿದೆ. ತಡೆಗೋಡೆಯ ಆಚೆ ಒಂದು ಅತ್ತಿ ಮರ, ಕಾಂಡದ ತುಂಬ ಕಾಯಿ. ಕೊಂಬೆಯೊಂದು ಕಾಲುವೆಯ ಮೇಲೆ ಬಾಗಿತ್ತು, ಅದರಲ್ಲಿ ಕುಟ್ರ ಹಕ್ಕಿ. ಅಷ್ಟು ದಪ್ಪದ ಅತ್ತಿ ಗೋಡೆಗಿಂತ, ರಸ್ತೆಗಿಂತ, ನಮ್ಮ ಮನೆಗಿಂತ ಮೊದಲಿನದು.

ಅದರ ನೆರಳಿನಲ್ಲಿ ಹೂವು ಕಟ್ಟಿ ಮಾರುವ ಮುದುಕಮ್ಮ ಈ ಜಾಗದವರೇ. ಒಂದು ಮೊಳ ಕನಕಾಂಬರ ತೆಗೆದುಕೊಂಡು ಕೇಳಿದೆ, "ಅಮ್ಮ, ಇಲ್ಲಿ ಮೊದಲು ಏನಿತ್ತು?"

"ಹಳ್ಳ ತಾಯಿ. ಗೌರಿ ಹಬ್ಬದಲ್ಲಿ ತುಂಬಿ ಬರುತ್ತಿತ್ತು, ಶಿವರಾತ್ರಿಗೆ ಒಣಗುತ್ತಿತ್ತು."

"ಒಣಗಿದ ಮೇಲೆ ನೀರಿಗೆ ಏನು ಮಾಡುತ್ತಿದ್ದಿರಿ?"

"ಈ ಅತ್ತಿ ಬುಡದಲ್ಲಿ ತೋಡಿಕೊಳ್ಳುತ್ತಿದ್ದೆವು. ಕುಡಿಯುವುದಕ್ಕೂ ಅದೇ, ಬಟ್ಟೆಗೂ ಅದೇ. ಒಗೆಯುವ ಕಲ್ಲು ಇನ್ನೂ ಇದೆಯಲ್ಲ."

ಎಲ್ಲಿ ಎಂದೆ. ಅವರು ಹೂವಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು, ಕೂತಿದ್ದ ಗೋಣಿಚೀಲವನ್ನು ಸರಿಸಿದರು. ಕಲ್ಲಿನ ನಡುಭಾಗ ತಟ್ಟೆಯಂತೆ ಸವೆದು ನುಣ್ಣಗಾಗಿತ್ತು. ಆ ತಗ್ಗಿನೊಳಗೆ ಬಿಳಿ ಪಟ್ಟೆಯೊಂದು ಈ ಅಂಚಿನಿಂದ ಆ ಅಂಚಿಗೆ ಹಾದುಹೋಗಿತ್ತು.